ನೀರಿನ ಸರದಿ, ನಿಸ್ತಂತು ವಾಲ್ವ್

2023ರ ಅಕ್ಟೋಬರ್ ತಿಂಗಳಲ್ಲಿ ವಿಜಯಪುರ ಜಿಲ್ಲೆ ಕೊಲ್ಹಾರ ತಾಲ್ಲೂಕಿನ ರೋಣಿಹಾಳದ ರೈತರು ಹೊಲದಲ್ಲಿ ಸಿಕ್ಕ ಮೊಸಳೆಯೊಂದನ್ನು ಹಿಡಿದು ವಿದ್ಯುತ್ ಉಪಕೇಂದ್ರದ ಮುಂದೆ ತಂದಿಟ್ಟರು. ರಾತ್ರಿ ಹೊತ್ತು ತ್ರೀಫೇಸ್ ಕರೆಂಟ್ ಕೊಟ್ಟರೆ ನಾವು ಹೊಲಕ್ಕೆ ಹೋಗಲೇಬೇಕು, ಹಾವೋ ಚೇಳೋ ಮೊಸಳೆಯೋ ಕಚ್ಚಿದರೆ ಹೊಣೆ ಯಾರದು ಎಂಬುದು ಅವರ ಪ್ರಶ್ನೆ. ಸುದ್ದಿ ಎರಡು ದಿನ ಓಡಾಡಿ ಮರೆಯಾಯಿತು, ಪ್ರಶ್ನೆ ಹಾಗೇ ಉಳಿದಿದೆ. 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಹಾವು ಕಚ್ಚಿ ಸತ್ತವರು ವರ್ಷಕ್ಕೆ ಸರಾಸರಿ 58,000 ಮಂದಿ ಎಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ಅವರಲ್ಲಿ ಬಹುಪಾಲು ಹಳ್ಳಿಯವರು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿತು. ಇಲ್ಲಿ ಒಂದು ಮಾತನ್ನು ಬಿಡಿಸಿ ನೋಡಬೇಕು. ರೈತ ರಾತ್ರಿ ತೋಟಕ್ಕೆ ಹೋಗುವುದು ಮೋಟರ್ ಹಾಕಲಿಕ್ಕೆ ಎಂದು ಹೊರಗಿನವರು ಭಾವಿಸುತ್ತಾರೆ. ಮೋಟರ್ ಹಾಕುವ ಕೆಲಸವನ್ನು ಆಟೊ ಸ್ಟಾರ್ಟರ್ ವಹಿಸಿಕೊಂಡು ಬಹಳ ವರ್ಷವಾಯಿತು, ಈಗ ಮೊಬೈಲ್ ಸ್ಟಾರ್ಟರ್ ಕೂಡ ಬಂದಿದೆ. ರೈತ ಬ್ಯಾಟರಿ ಹಿಡಿದು ಹೊರಡುವುದು ವಾಲ್ವ್ ತಿರುಗಿಸಲಿಕ್ಕೆ. ಈ ಭಾಗಕ್ಕೆ ನೀರು ಸಾಕು, ಇನ್ನು ಆ ಭಾಗಕ್ಕೆ ಬಿಡಬೇಕು ಎನ್ನುವ ಸರದಿಯ ಕೆಲಸಕ್ಕೆ.

ಈ ಸರದಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅಡಿಕೆ ತೋಟದ ಲೆಕ್ಕವನ್ನೇ ಹಾಕಿ ನೋಡೋಣ. ಒಂಬತ್ತು ಅಡಿ ಅಂತರದಲ್ಲಿ ಗಿಡ ಹಾಕಿದರೆ ಎಕರೆಗೆ ಸುಮಾರು 540 ಮರ. ಕಾಸರಗೋಡಿನ ಕೇಂದ್ರೀಯ ತೋಟಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸಿನಂತೆ ಹನಿ ನೀರಾವರಿಯಲ್ಲಿ ಬೇಸಿಗೆಯ ದಿನ ಒಂದು ಮರಕ್ಕೆ 16ರಿಂದ 20 ಲೀಟರ್ ನೀರು ಸಾಕು. ಮರಕ್ಕೆರಡರಂತೆ ಗಂಟೆಗೆ ನಾಲ್ಕು ಲೀಟರಿನ ಡ್ರಿಪ್ಪರ್ ಇದ್ದರೆ 18 ಲೀಟರ್ ಕೊಡಲು ಎರಡೂಕಾಲು ಗಂಟೆ. ಗಂಟೆಗೆ ಒಂಬತ್ತು ಸಾವಿರ ಲೀಟರ್ ಎತ್ತುವ ಕೊಳವೆಬಾವಿ ಒಂದು ಸಲಕ್ಕೆ ಎರಡು ಎಕರೆಯನ್ನು ನಿಭಾಯಿಸುತ್ತದೆ. ಅಲ್ಲಿಗೆ ನಾಲ್ಕು ಎಕರೆಯ ತೋಟಕ್ಕೆ ಎರಡು ಸರದಿ, ಒಟ್ಟು ನಾಲ್ಕೂವರೆ ಗಂಟೆ. ದಿನಕ್ಕೆ ಸಿಗುವ ಏಳು ಗಂಟೆಯ ತ್ರೀಫೇಸ್‌ನಲ್ಲಿ ಇದು ಆರಾಮಾಗಿ ಮುಗಿಯುತ್ತದೆ, ನಡುವೆ ಒಮ್ಮೆ ವಾಲ್ವ್ ಬದಲಾದರೆ! ನಡುರಾತ್ರಿ ಏಳಲಾಗದೆ ಮಲಗಿಬಿಟ್ಟರೆ ಮೊದಲ ಎರಡು ಎಕರೆಯ ಮರಗಳಿಗೆ ತಲಾ 56 ಲೀಟರ್, ಉಳಿದೆರಡು ಎಕರೆಗೆ ಸೊನ್ನೆ. ಬೇಡದೆ ಇಳಿದ ನೀರೇ ನಲವತ್ತು ಸಾವಿರ ಲೀಟರ್. ಅದು ಬೇರಿನ ಆಳವನ್ನು ದಾಟಿ ಹೋಗುವಾಗ ಹಿಂದಿನ ದಿನ ಕೊಟ್ಟ ಗೊಬ್ಬರವನ್ನೂ ತೊಳೆದುಕೊಂಡು ಹೋಗುತ್ತದೆ. ಹನಿ ನೀರಾವರಿ ಹಾಕಿದರೂ ನೀರು ಉಳಿಯಲಿಲ್ಲ ಎನ್ನುವ ದೂರಿನ ಹಿಂದೆ ಎಷ್ಟೋ ಸಲ ಇರುವುದು ಈ ತಿರುಗಿಸದ ವಾಲ್ವ್. ಬ್ಯಾಟರಿಯಿಂದ ನಡೆಯುವ ನಿಸ್ತಂತು ವಾಲ್ವ್ ನಿಯಂತ್ರಕ ಈ ಒಂದು ಕೆಲಸಕ್ಕೆ ಬಂದ ಸಾಧನ. ಅದನ್ನು ಮಾರುವವರು ಮೊಬೈಲ್ ಪರದೆಯಿಂದ ಮಾತು ಶುರುಮಾಡುತ್ತಾರೆ. ನನ್ನ ವಾದ ಪೈಪಿನಿಂದ ಶುರುವಾಗುತ್ತದೆ. ಈ ಸಾಧನ ಹತ್ತು ವರ್ಷ ಬಾಳುತ್ತದೋ ಮುಂದಿನ ಬೇಸಿಗೆಗೆ ಮೂಲೆ ಸೇರುತ್ತದೋ ಎಂಬುದು ಅದನ್ನು ಕೂರಿಸುವ ದಿನವೇ, ಅದೂ ಬಹುಮಟ್ಟಿಗೆ ಕೊಳಾಯಿ ಕೆಲಸದಲ್ಲಿ, ತೀರ್ಮಾನವಾಗಿಬಿಡುತ್ತದೆ.

ಯಾಕೆ ಹಾಗೆನ್ನುತ್ತೇನೆಂದರೆ, ಈ ನಿಯಂತ್ರಕ ತಾನಾಗಿ ಮಾಡುವ ಕೆಲಸ ಬಹಳ ಕಡಿಮೆ. ಎರಡು ಇಂಚಿನ ವಾಲ್ವನ್ನು ತಿರುಗಿಸುವ ಬಲ ಒಂದು ಚಿಕ್ಕ ಬ್ಯಾಟರಿಗೆ ಎಲ್ಲಿಂದ ಬರಬೇಕು? ಆ ಬಲ ನೀರಿನದೇ. ವಾಲ್ವಿನ ಒಳಗೆ ರಬ್ಬರಿನ ಒಂದು ಪೊರೆ ಇರುತ್ತದೆ. ಪೊರೆಯ ಮೇಲಿನ ಕೋಣೆಯಲ್ಲಿ ನೀರು ತುಂಬಿ ಒತ್ತಿದರೆ ವಾಲ್ವ್ ಮುಚ್ಚುತ್ತದೆ, ಆ ನೀರನ್ನು ಹೊರಗೆ ಬಿಟ್ಟರೆ ಕೆಳಗಿನ ಒತ್ತಡಕ್ಕೆ ಪೊರೆ ಎದ್ದು ವಾಲ್ವ್ ತೆರೆಯುತ್ತದೆ. ವಿದ್ಯುತ್ತಿಗೆ ಉಳಿದ ಕೆಲಸ ಒಂದೆರಡು ಮಿಲಿಮೀಟರಿನ ಸಣ್ಣ ರಂಧ್ರವೊಂದನ್ನು ತೆರೆಯುವುದು, ಮುಚ್ಚುವುದು. ಹಳೆಯ ಮಾದರಿಯ 24 ವೋಲ್ಟ್ ಸೊಲೆನಾಯ್ಡ್, ಅಂದರೆ ವಿದ್ಯುತ್ಕಾಂತದ ಸುರುಳಿ, ಈ ರಂಧ್ರವನ್ನು ತೆರೆದಿಡಲು ಅಷ್ಟು ಹೊತ್ತೂ ಸುಮಾರು ಕಾಲು ಆಂಪಿಯರ್ ಕರೆಂಟ್ ಎಳೆಯುತ್ತಲೇ ಇರಬೇಕಿತ್ತು. ಆ ಲೆಕ್ಕದಲ್ಲಿ ಒಂಬತ್ತು ವೋಲ್ಟಿನ ಚೌಕ ಬ್ಯಾಟರಿ ಎರಡು ಗಂಟೆಗೇ ಮುಗಿಯುತ್ತದೆ. ಬ್ಯಾಟರಿ ನಿಯಂತ್ರಕಕ್ಕೆ ಬಳಸುವುದು ಲ್ಯಾಚಿಂಗ್ ಸೊಲೆನಾಯ್ಡ್. ಇದಕ್ಕೆ ಒಂದು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಹೊತ್ತು ಕರೆಂಟಿನ ಮಿಡಿತ ಕೊಟ್ಟರೆ ಒಳಗಿನ ಕಡ್ಡಿ ಮೇಲೇಳುತ್ತದೆ, ಆಮೇಲೆ ಶಾಶ್ವತ ಅಯಸ್ಕಾಂತವೊಂದು ಅದನ್ನು ಹಿಡಿದುಕೊಳ್ಳುತ್ತದೆ. ಮುಚ್ಚಬೇಕಾದಾಗ ಅದೇ ಮಿಡಿತ ತಿರುವುಮುರುವಾಗಿ ಇನ್ನೊಮ್ಮೆ. ಬಾಗಿಲಿಗೆ ಚಿಲಕ ಹಾಕಿದ ಮೇಲೆ ಕೈ ಹಿಡಿದು ನಿಲ್ಲಬೇಕಾಗಿಲ್ಲವಲ್ಲ, ಹಾಗೆ. ದಿನಕ್ಕೆ ಹತ್ತು ಸಲ ತೆರೆದು ಮುಚ್ಚಿದರೂ ಖರ್ಚಾಗುವ ವಿದ್ಯುತ್ ಅತ್ಯಲ್ಪ. ಉಳಿದ ಹೊತ್ತೆಲ್ಲ ನಿಯಂತ್ರಕ ನಿದ್ದೆಯಲ್ಲಿದ್ದು, ಆಗಾಗ ಎಚ್ಚತ್ತು ಆಜ್ಞೆ ಬಂದಿದೆಯೇ ಎಂದು ಕೇಳಿಕೊಂಡು ಮತ್ತೆ ಮಲಗುತ್ತದೆ. ಒಳ್ಳೆಯ ಲಿಥಿಯಂ ಬ್ಯಾಟರಿ ವರ್ಷಗಟ್ಟಲೆ ಬರುವುದು ಇದರಿಂದ.

ನೀರಿನ ಬಲದಿಂದಲೇ ವಾಲ್ವ್ ನಡೆಯುವುದಾದರೆ ನೀರು ಶುದ್ಧವಾಗಿರಬೇಕು, ನೀರಿಗೆ ಒತ್ತಡವಿರಬೇಕು. ಕೂರಿಸುವ ಕೆಲಸದ ಮುಕ್ಕಾಲು ಪಾಲು ಈ ಎರಡು ಷರತ್ತುಗಳ ಪಾಲನೆಯೇ. ವಾಲ್ವ್ ಮುಚ್ಚುತ್ತಿಲ್ಲ, ಯಂತ್ರ ಕೆಟ್ಟಿದೆ ಎಂದು ದೂರುವ ಕಡೆ ಬಿಚ್ಚಿ ನೋಡಿದರೆ ಸಾಮಾನ್ಯವಾಗಿ ಕಾಣುವುದು ಆ ಸಣ್ಣ ರಂಧ್ರದಲ್ಲಿ ಸಿಕ್ಕಿಕೊಂಡ ಮರಳಿನ ಕಣ, ಪಿವಿಸಿ ಪೈಪ್ ಕತ್ತರಿಸಿದಾಗ ಉದುರಿದ ಚೂರು, ಇಲ್ಲವೇ ಗಡಸು ನೀರಿನ ಸುಣ್ಣದ ಪದರ. ಆದ್ದರಿಂದ ವಾಲ್ವ್ ಯಾವಾಗಲೂ ಫಿಲ್ಟರಿನ ಆಚೆಗೇ ಇರಬೇಕು. ಡ್ರಿಪ್ಪಿಗೆ ಸಾಮಾನ್ಯವಾಗಿ ಹಾಕುವ 120 ಮೆಶ್ ಜಾಲರಿ ಇದಕ್ಕೂ ಸಾಕು, ಆದರೆ ಜಾಲರಿ ಹರಿದಿರಬಾರದು. ಹರಿದ ಜಾಲರಿಯ ಫಿಲ್ಟರ್ ಹೊರಗಿನಿಂದ ನೋಡಲು ಸರಿಯಾಗಿಯೇ ಇರುತ್ತದೆ. ಕೃಷಿಹೊಂಡದ ಪಾಚಿ ನೀರಿಗೆ ಜಾಲರಿ ಒಂದೇ ಸಾಲದು, ಅದಕ್ಕೆ ಮುಂಚೆ ಸ್ಯಾಂಡ್ ಫಿಲ್ಟರ್ ಬೇಕು. ಪೈಪ್ ಅಂಟಿಸಿದ ಮೇಲೆ, ವಾಲ್ವ್ ಜೋಡಿಸುವ ಮುನ್ನ, ತುದಿ ತೆರೆದಿಟ್ಟು ಮೋಟರ್ ಹಾಕಿ ನೀರು ತಿಳಿಯಾಗುವವರೆಗೆ ಹರಿಯಬಿಡಬೇಕು. ಕೆಲಸಗಾರರಿಗೆ ಸಂಜೆಯ ಬಸ್ಸಿನ ಅವಸರವಿರುತ್ತದೆ, ಬಿಟ್ಟುಹೋಗುವುದು ಈ ಹತ್ತು ನಿಮಿಷದ ಕೆಲಸವೇ. ನೀರಿನ ಜೊತೆ ಗೊಬ್ಬರ ಸೇರಿಸುವ ವೆಂಚುರಿಯಲ್ಲಿ ಗೊಬ್ಬರ ಬಿಟ್ಟ ದಿನ ಕೊನೆಯಲ್ಲಿ ಸ್ವಲ್ಪ ಹೊತ್ತು ಬರೀ ನೀರು ಹರಿಸಿದರೆ ಉಪ್ಪು ರಂಧ್ರದಲ್ಲಿ ಕೂರುವುದಿಲ್ಲ.

ಒತ್ತಡದ ವಿಷಯ ಮಲೆನಾಡಿನವರು ವಿಶೇಷವಾಗಿ ಗಮನಿಸಬೇಕಾದದ್ದು. ಪೊರೆಯ ವಾಲ್ವ್ ಸರಿಯಾಗಿ ಕೂರಲು ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ ಮುಕ್ಕಾಲಿನಿಂದ ಒಂದು ಕೆಜಿ ಒತ್ತಡವಾದರೂ ಬೇಕು. ಮೋಟರಿನಿಂದ ನೇರವಾಗಿ ಬರುವ ನೀರಿಗೆ ಅಷ್ಟು ಒತ್ತಡ ಸಿಗುತ್ತದೆ. ಗುಡ್ಡದ ಮೇಲಿನ ತೊಟ್ಟಿಯಿಂದ ಇಳಿಜಾರಿನಲ್ಲೇ ನೀರು ಹಾಯಿಸುವ ತೋಟಗಳಲ್ಲಿ ಲೆಕ್ಕ ಬೇರೆ. ಹತ್ತು ಮೀಟರ್ ಎತ್ತರಕ್ಕೆ ಒಂದು ಕೆಜಿ ಎಂಬುದು ನಿಯಮ, ತೊಟ್ಟಿ ಮೂರೇ ಮೀಟರ್ ಮೇಲಿದ್ದರೆ ಕಾಲು ಕೆಜಿಗಿಂತ ತುಸು ಹೆಚ್ಚು ಅಷ್ಟೆ. ಅಲ್ಲಿ ಈ ವಾಲ್ವ್ ಅರ್ಧ ತೆರೆದು ಅರ್ಧ ಮುಚ್ಚಿ ಸೋರುತ್ತಲೇ ಇರುತ್ತದೆ. ಅಂಥ ಕಡೆ ಸಣ್ಣ ಮೋಟರಿನಿಂದ ತಿರುಗುವ ಬಾಲ್ ವಾಲ್ವ್ ಬೇಕು. ಅದು ನೀರಿನ ಸಹಾಯ ಕೇಳುವುದಿಲ್ಲವಾದ್ದರಿಂದ ಪ್ರತಿ ಸಲ ತಿರುಗುವಾಗಲೂ ಹಲವಾರು ಸೆಕೆಂಡ್ ಕರೆಂಟ್ ತಿನ್ನುತ್ತದೆ. ಹಾಗಾಗಿ ಚಿಕ್ಕ ಸೋಲಾರ್ ಫಲಕ ಜೊತೆಗಿರಬೇಕಾಗುತ್ತದೆ, ದಟ್ಟ ನೆರಳಿನ ಅಡಿಕೆ ತೋಟದಲ್ಲಿ ಆ ಫಲಕಕ್ಕೆ ಬಿಸಿಲಿನ ಜಾಗ ಹುಡುಕಬೇಕಾಗುತ್ತದೆ. ಕೊಳ್ಳುವ ಮುನ್ನ ಒಂದು ಪ್ರೆಶರ್ ಗೇಜ್ ತಂದು, ವಾಲ್ವ್ ಕೂರುವ ಜಾಗದಲ್ಲೇ, ನೀರು ಹರಿಯುತ್ತಿರುವಾಗಲೇ ಅಳೆದುಕೊಂಡರೆ ಈ ಗೊಂದಲ ಹುಟ್ಟುವುದೇ ಇಲ್ಲ.

ಇನ್ನು ಜೋಡಣೆ. ವಾಲ್ವಿನ ಮೈಮೇಲಿನ ಬಾಣದ ಗುರುತು ನೀರು ಹರಿಯುವ ದಿಕ್ಕಿಗಿರಬೇಕು. ಅದಕ್ಕೆ ಮುಂಚೆ ಪೈಪಿನಲ್ಲಿರುವ, ಕೈಯಿಂದ ತಿರುಗಿಸುವ ಹಳೆಯ ಬಾಲ್ ವಾಲ್ವನ್ನು ಕಿತ್ತೆಸೆಯದೆ ಅಲ್ಲೇ ಉಳಿಸಿಕೊಳ್ಳಬೇಕು. ರಿಪೇರಿಯ ದಿನ ಇಡೀ ತೋಟದ ನೀರು ನಿಲ್ಲಿಸದೆ ಆ ಒಂದು ಭಾಗವನ್ನು ಮಾತ್ರ ಬೇರ್ಪಡಿಸಲು ಅದು ಬೇಕೇ ಬೇಕು. ಸೊಲೆನಾಯ್ಡಿನ ಎರಡು ತಂತಿಗಳಲ್ಲಿ ಕೆಂಪು ಯಾವುದು ಕಪ್ಪು ಯಾವುದು ಎಂಬುದು ಇಲ್ಲಿ ಮುಖ್ಯ. ಅದಲು ಬದಲಾದರೆ ತೆರೆ ಎಂದಾಗ ಮುಚ್ಚುತ್ತದೆ, ಮುಚ್ಚು ಎಂದಾಗ ತೆರೆಯುತ್ತದೆ. ಜೋಡಿಸಿದ ಗಳಿಗೆಯಲ್ಲೇ ಕಿವಿಗೊಟ್ಟರೆ ಟಕ್ ಎಂಬ ಸದ್ದು ಕೇಳುತ್ತದೆ, ಆದರೆ ಸದ್ದನ್ನು ನಂಬಿ ಬಿಡದೆ ನೀರನ್ನು ನೋಡಿ ಖಚಿತಪಡಿಸಿಕೊಳ್ಳಬೇಕು. ತಂತಿಯ ಗಂಟಿಗೆ ಕರಿ ಟೇಪು ಸುತ್ತಿ ಮಣ್ಣಿಗೆ ಬಿಡುವುದು ನಮ್ಮಲ್ಲಿ ವಾಡಿಕೆ. ಎರಡು ಮಳೆಗಾಲದೊಳಗೆ ಆ ಗಂಟಿನಲ್ಲಿ ತಾಮ್ರ ಹಸಿರುಗಟ್ಟುತ್ತದೆ, ಮಿಡಿತ ಕ್ಷೀಣಿಸುತ್ತದೆ, ತಪ್ಪು ಬ್ಯಾಟರಿಯ ತಲೆಗೆ ಬರುತ್ತದೆ. ಒಳಗೆ ಗ್ರೀಸ್ ತುಂಬಿದ ಜಲನಿರೋಧಕ ಕನೆಕ್ಟರಿನ ಬೆಲೆ ಅತ್ಯಲ್ಪ. ನಿಯಂತ್ರಕದ ಪೆಟ್ಟಿಗೆಗೆ ತಂತಿ ಒಳಹೋಗುವ ಬಾಯಿ ಕೆಳಮುಖವಾಗಿರಲಿ, ಬಳಸದ ಬಾಯಿಗಳು ಮುಚ್ಚಿರಲಿ. ನೀರಿನಷ್ಟೇ ಇರುವೆಯೂ ಈ ಪೆಟ್ಟಿಗೆಗಳಿಗೆ ಶತ್ರು.

ತಂತಿಯನ್ನೇ ತೋಟದುದ್ದಕ್ಕೂ ಎಳೆದರೆ ಬ್ಯಾಟರಿಯ ಗೊಡವೆಯೇ ಇಲ್ಲವಲ್ಲ ಎಂದು ಕೆಲವರು ಕೇಳುತ್ತಾರೆ. ಹೂತಿಟ್ಟ ತಂತಿ ಟಿಲ್ಲರಿನ ಹಲ್ಲಿಗೆ, ಗುದ್ದಲಿಯ ಏಟಿಗೆ, ಹೆಗ್ಗಣದ ಬಾಯಿಗೆ ಸಿಕ್ಕೇ ಸಿಗುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಸಿಡಿಲು. ಹತ್ತಿರ ಎಲ್ಲೋ ಸಿಡಿಲು ಬಡಿದರೂ ನೂರಾರು ಮೀಟರ್ ಉದ್ದದ ತಂತಿಯಲ್ಲಿ ವೋಲ್ಟೇಜು ಏರಿ ಎರಡೂ ತುದಿಯ ಉಪಕರಣ ಸುಟ್ಟುಹೋಗುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಗುಡುಗಿನ ಮಳೆ ಸುರಿಯುವ ನಮ್ಮ ನಾಡಿಗೆ ತಂತಿಯಿಲ್ಲದ ವ್ಯವಸ್ಥೆಯೇ ಒಪ್ಪುತ್ತದೆ. ಆದರೆ ರೇಡಿಯೊ ಅಲೆಗೂ ಅದರದೇ ಇತಿಮಿತಿಗಳಿವೆ, ಅವನ್ನು ಬಾನುಲಿ ಕೇಳುಗರಿಗೆ ವಿವರಿಸುವುದು ಸುಲಭ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಮಧ್ಯಮ ತರಂಗದ ಒಂದು ಅಲೆಯ ಉದ್ದ ಸುಮಾರು 490 ಮೀಟರ್. ಅಷ್ಟು ಉದ್ದದ ಅಲೆಗೆ ಮರ, ಮನೆ, ದಿಬ್ಬ ಲೆಕ್ಕಕ್ಕೇ ಇಲ್ಲ. ವಾಲ್ವ್ ನಿಯಂತ್ರಕಗಳು ಬಳಸುವ ಲೋರಾ ಎಂಬ ತಂತ್ರದ ಅಲೆ ನಮ್ಮ ದೇಶದಲ್ಲಿ 865 ಮೆಗಾಹರ್ಟ್ಸ್ ಆಸುಪಾಸಿನದು, ಉದ್ದ ಕೇವಲ 35 ಸೆಂಟಿಮೀಟರ್. ಬಯಲಿನಲ್ಲಿ ಅದು ಕೆಲವು ಕಿಲೋಮೀಟರ್ ಹೋದರೂ ನೀರು ತುಂಬಿದ ಎಲೆಗಳ ದಟ್ಟಣೆಯಲ್ಲಿ ಬೇಗ ಸೋಲುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಬರಿದಾದ ಹೊಲದಲ್ಲಿ ಸಿಗ್ನಲ್ ಪರೀಕ್ಷಿಸಿ ಸಮಾಧಾನಪಟ್ಟರೆ ಕಬ್ಬು ಆಳೆತ್ತರ ಬೆಳೆದಾಗ ವಾಲ್ವ್ ಮಾತು ಕೇಳುವುದಿಲ್ಲ. ವಾಲ್ವುಗಳಿಗೆ ಆಜ್ಞೆ ಕಳಿಸುವ, ಮನೆಯ ಕಡೆಯ ಗೇಟ್‌ವೇ ಪೆಟ್ಟಿಗೆಯ ಆಂಟೆನಾವನ್ನು ಛಾವಣಿಗಿಂತ ಮೇಲಕ್ಕೆ ಏರಿಸಬೇಕು, ವಾಲ್ವಿನ ಬಳಿಯ ಆಂಟೆನಾ ಬೆಳೆಯ ತುದಿಗಿಂತ ಎತ್ತರದಲ್ಲಿ ನೆಟ್ಟಗೆ ನಿಂತಿರಬೇಕು. ಕಳ್ಳರಿಗೆ ಹೆದರಿ ನಿಯಂತ್ರಕವನ್ನು ಕಬ್ಬಿಣದ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟರೆ ಕಳ್ಳನ ಜೊತೆಗೆ ಅಲೆಯೂ ಹೊರಗೇ ಉಳಿಯುತ್ತದೆ. ಇನ್ನೊಂದು ಎಚ್ಚರಿಕೆ ಕಾನೂನಿನದು. 865ರಿಂದ 867 ಮೆಗಾಹರ್ಟ್ಸ್ ಪಟ್ಟಿಯನ್ನು ಕಡಿಮೆ ಶಕ್ತಿಯ ಸಾಧನಗಳಿಗೆ ಪರವಾನಗಿ ಇಲ್ಲದೆ ಬಳಸಲು ಕೇಂದ್ರ ಸರ್ಕಾರ 2005ರಲ್ಲೇ ಬಿಟ್ಟುಕೊಟ್ಟಿತು. ಅಮೆರಿಕಕ್ಕೆಂದು ತಯಾರಾದ 915 ಮೆಗಾಹರ್ಟ್ಸಿನ ಸಾಧನ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತರಿಸಿಕೊಂಡರೆ ಅದು ಇಲ್ಲಿ ಆ ರಿಯಾಯಿತಿಗೆ ಒಳಪಡುವುದಿಲ್ಲ.

ಇಷ್ಟೆಲ್ಲ ಸರಿಯಾದ ಮೇಲೂ ಒಂದು ದೊಡ್ಡ ತಪ್ಪಿಗೆ ಅವಕಾಶ ಉಳಿದಿದೆ. ಬೆಳಿಗ್ಗೆ ಆರಕ್ಕೆ ಒಂದನೇ ವಾಲ್ವ್, ಎಂಟೂಕಾಲಿಗೆ ಎರಡನೆಯದು ಎಂದು ಗಡಿಯಾರಕ್ಕೆ ಕಟ್ಟುವ ಪದ್ಧತಿ ದಿನವಿಡೀ ಕರೆಂಟ್ ಇರುವ ದೇಶಗಳಿಂದ ಬಂದದ್ದು. ನಮ್ಮಲ್ಲಿ ಕರೆಂಟಿನ ಪಾಳಿ ಬದಲಾಗುತ್ತದೆ, ಏಳು ಗಂಟೆಯ ನಡುವೆಯೂ ಕರೆಂಟ್ ಹೋಗಿ ಬರುತ್ತದೆ, ಟ್ರಾನ್ಸ್‌ಫಾರ್ಮರ್ ಸುಟ್ಟರೆ ವಾರ ಕಳೆಯುತ್ತದೆ. ಗಡಿಯಾರ ನೋಡುವ ನಿಯಂತ್ರಕ ಒಣ ಪೈಪಿನ ಮೇಲೂ ತನ್ನ ಸರದಿಯನ್ನು ಮುಗಿಸಿಬಿಡುತ್ತದೆ. ಮೊದಲ ಎರಡು ಎಕರೆಗೆ ನೀರು ಸಿಕ್ಕಿತೆಂದು ಪರದೆ ಹೇಳುತ್ತದೆ, ಗಿಡ ಬಾಡಿರುತ್ತದೆ. ಇಲ್ಲಿ ಎಣಿಸಬೇಕಾದದ್ದು ನೀರು ಹರಿದ ಹೊತ್ತನ್ನು. ಫಿಲ್ಟರಿನ ಬಳಿ ಒಂದು ಪ್ರೆಶರ್ ಸೆನ್ಸರ್ ಅಥವಾ ನೀರಿನ ಮೀಟರ್ ಇಟ್ಟು, ಒತ್ತಡ ಬಂದಾಗ ಎಣಿಕೆ ಶುರುವಾಗಿ ಹೋದಾಗ ನಿಲ್ಲುವಂತೆ ಮಾಡಿದರೆ ಕರೆಂಟಿನ ಆಟ ಸರದಿಯನ್ನು ಕೆಡಿಸಲಾರದು. ಲ್ಯಾಚಿಂಗ್ ಸೊಲೆನಾಯ್ಡ್ ಇದಕ್ಕೆ ಹೇಳಿ ಮಾಡಿಸಿದಂತಿದೆ. ಕರೆಂಟ್ ಹೋದಾಗ ಅದು ಇದ್ದ ಸ್ಥಿತಿಯಲ್ಲೇ ಇರುತ್ತದೆ, ಮೋಟರ್ ಮತ್ತೆ ಶುರುವಾದಾಗ ನೀರು ನಿಂತಿದ್ದ ಭಾಗಕ್ಕೇ ಹರಿಯುತ್ತದೆ. ಸರದಿಯ ಪಟ್ಟಿ ವಾಲ್ವಿನ ಬಳಿಯ ನಿಯಂತ್ರಕದ ನೆನಪಿನಲ್ಲೋ ತೋಟದ ಗೇಟ್‌ವೇಯಲ್ಲೋ ಇರಬೇಕು, ದೂರದ ಯಾವುದೋ ಸರ್ವರಿನಲ್ಲಿ ಮಾತ್ರ ಇದ್ದರೆ ಮೊಬೈಲ್ ನೆಟ್‌ವರ್ಕ್ ಸತ್ತ ದಿನ ನೀರೂ ಇಲ್ಲ. ಮೊಬೈಲಿನಲ್ಲಿ ಗುಂಡಿ ಒತ್ತಿದ ಕೂಡಲೇ ವಾಲ್ವ್ ತೆರೆಯಲಿಲ್ಲ ಎಂಬ ಅಸಮಾಧಾನಕ್ಕೂ ಇಲ್ಲೇ ಉತ್ತರವಿದೆ. ಬ್ಯಾಟರಿ ಉಳಿಸಲು ನಿದ್ದೆ ಮಾಡುವ ನಿಯಂತ್ರಕ ಹತ್ತು ನಿಮಿಷಕ್ಕೊಮ್ಮೆ ಎಚ್ಚರಗೊಳ್ಳುವುದಾದರೆ ಆಜ್ಞೆ ಅಷ್ಟು ಹೊತ್ತು ಕಾಯಬಹುದು. ಎರಡೂಕಾಲು ಗಂಟೆಯ ಸರದಿಯಲ್ಲಿ ಹತ್ತು ನಿಮಿಷದ ವ್ಯತ್ಯಾಸದಿಂದ ಯಾವ ಮರವೂ ಒಣಗದು. ನಿಯಂತ್ರಕವನ್ನು ಕ್ಷಣಕ್ಷಣವೂ ಎಚ್ಚರವಿಡಲು ಹೊರಟರೆ ಬ್ಯಾಟರಿ ಬದಲಿಸುವುದೇ ಹೊಸ ದುಡಿಮೆಯಾಗುತ್ತದೆ.

ಕ್ರಮದ ವಿಷಯವೊಂದನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಮೋಟರ್ ಓಡುತ್ತಿರುವಾಗ ಎರಡನೇ ವಾಲ್ವ್ ತೆರೆದ ಮೇಲೇ ಮೊದಲನೆಯದು ಮುಚ್ಚಬೇಕು, ನಡುವೆ ಒಂದೆರಡು ನಿಮಿಷ ಎರಡೂ ತೆರೆದಿರಬೇಕು. ನಿಯಂತ್ರಕ ಹತ್ತು ನಿಮಿಷಕ್ಕೊಮ್ಮೆ ಮಾತ್ರ ಏಳುವುದಾದರೆ ಈ ನಡುವಿನ ಹೊತ್ತನ್ನು ಅದಕ್ಕೂ ಹೆಚ್ಚಾಗಿ ಇಟ್ಟುಕೊಳ್ಳಬೇಕಾಗುತ್ತದೆ. ಎಲ್ಲ ವಾಲ್ವ್ ಒಂದೇ ಗಳಿಗೆಯಲ್ಲಿ ಮುಚ್ಚಿದ್ದರೆ ಸಬ್‌ಮರ್ಸಿಬಲ್ ಪಂಪ್ ತಳ್ಳುವ ನೀರಿಗೆ ದಾರಿಯಿಲ್ಲದೆ ಪೈಪಿನ ಬೆಸುಗೆ ಬಿಡುತ್ತದೆ. ಎರಡನೆಯದು ತೆರೆಯಿತೇ ಇಲ್ಲವೇ ಎಂಬ ಖಾತ್ರಿ ಬಾರದಿದ್ದರೆ ಮೊದಲನೆಯದನ್ನು ತೆರೆದೇ ಇಡುವ ಬುದ್ಧಿ ನಿಯಂತ್ರಕಕ್ಕೆ ಇರಬೇಕು, ಅದರ ಜೊತೆಗೆ ಮುಖ್ಯ ಪೈಪಿನಲ್ಲಿ ಒಂದು ರಿಲೀಫ್ ವಾಲ್ವ್ ಇರಲೇಬೇಕು. ಹಾಗೆಯೇ ಬ್ಯಾಟರಿ ಪೂರ್ತಿ ಮುಗಿಯುವ ಮುನ್ನ, ಮುಚ್ಚಲು ಬೇಕಾದ ಕೊನೆಯ ಮಿಡಿತವನ್ನು ಉಳಿಸಿಕೊಂಡು, ಮೋಟರ್ ನಿಂತ ಮೇಲೆ ತಾನಾಗಿ ಮುಚ್ಚಿಕೊಳ್ಳುವ ಏರ್ಪಾಡು ಇದೆಯೇ ಎಂದು ಕೊಳ್ಳುವಾಗಲೇ ಕೇಳಬೇಕು.

ಆಕ್ಷೇಪಗಳಲ್ಲಿ ಮೊದಲನೆಯದು ಹಣದ್ದು. ಕೈಯಿಂದ ತಿರುಗಿಸುವ ವಾಲ್ವ್ ಕೆಲವು ನೂರು ರೂಪಾಯಿಗೆ ಬರುತ್ತದೆ, ಇದಕ್ಕೆ ಸಾವಿರಗಟ್ಟಲೆ ಯಾಕೆ ಸುರಿಯಬೇಕು ಎಂದು. ಒಂದೇ ಕಡೆ ಎರಡು ಎಕರೆ ಇದ್ದು, ಮನೆಯೂ ಅಲ್ಲೇ ಇದ್ದರೆ ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ, ಅವರಿಗೆ ಇದು ಬೇಡ. ಜಮೀನು ಮೂರು ಕಡೆ ಚದುರಿದ್ದು, ಸರದಿ ಐದಾರಿದ್ದು, ರಾತ್ರಿ ಪಾಳಿ ಇರುವವರ ಲೆಕ್ಕ ಬೇರೆ. ಅಂಥವರೂ ಎಲ್ಲ ವಾಲ್ವನ್ನೂ ಒಮ್ಮೆಗೇ ಬದಲಿಸಬೇಕಿಲ್ಲ. ಅತಿ ದೂರದ, ಅತಿ ಅಪಾಯದ ಜಾಗದಲ್ಲಿರುವ ಒಂದೆರಡನ್ನು ಬದಲಿಸಿ ಒಂದು ಮಳೆಗಾಲ, ಒಂದು ಬೇಸಿಗೆ ನೋಡಿದರೆ ಉಳಿದದ್ದನ್ನು ತೋಟವೇ ಹೇಳುತ್ತದೆ. ಎರಡನೆಯ ಆಕ್ಷೇಪ, ಕುಸುಮ್-ಸಿ ಯೋಜನೆಯ ಸೋಲಾರ್‌ನಿಂದ ಪಂಪ್‌ಸೆಟ್‌ಗಳಿಗೆ ಹಗಲಲ್ಲೇ ವಿದ್ಯುತ್ ಕೊಡುವ ಕೆಲಸ ನಡೆದಿದೆಯಲ್ಲ, ಆಮೇಲೆ ಈ ಖರ್ಚು ವ್ಯರ್ಥವಲ್ಲವೇ ಎಂಬುದು. ಹಗಲು ಕರೆಂಟ್ ಎಲ್ಲರಿಗೂ ಸಿಗಲಿ ಎಂಬುದೇ ನನ್ನ ಮನಸಾರೆ ಹಾರೈಕೆ. ಹಾವು ಕಡಿತಕ್ಕೆ ಅದು ವಾಲ್ವಿಗಿಂತ ದೊಡ್ಡ ಪರಿಹಾರ. ಆದರೆ ಆಗಲೂ ಎರಡೂಕಾಲು ಗಂಟೆಗೊಮ್ಮೆ ಸರದಿ ಬದಲಾಗಲೇಬೇಕು, ಆ ಹೊತ್ತಿಗೆ ಮನೆಯ ಹೆಣ್ಣುಮಗಳು ಹಾಲು ಕರೆಯುತ್ತಿರುತ್ತಾಳೆ, ಗಂಡಸು ಸಂತೆಯಲ್ಲೋ ಕೂಲಿಯಲ್ಲೋ ಇರುತ್ತಾನೆ.

ನನಗೆ ಹೆಚ್ಚು ಗಂಭೀರವಾಗಿ ಕಾಣುವ ಆಕ್ಷೇಪ ಮೂರನೆಯದು. ಇದರಿಂದ ಅಂತರ್ಜಲ ಉಳಿಯುತ್ತದೆಂಬುದು ಭ್ರಮೆ, ಉಳಿದ ನೀರಿನಲ್ಲಿ ರೈತ ಇನ್ನೆರಡು ಎಕರೆಗೆ ಅಡಿಕೆ ಹಾಕುತ್ತಾನೆ ಎಂಬುದು. ಕೋಲಾರ, ಚಿತ್ರದುರ್ಗ, ತುಮಕೂರಿನ ಬತ್ತಿದ ಕೊಳವೆಬಾವಿಗಳನ್ನು ನೋಡಿದವರು ಇದನ್ನು ತಳ್ಳಿಹಾಕಲಾರರು. ವಾಲ್ವ್ ತಾನಾಗಿ ನೀರು ಉಳಿಸುವುದಿಲ್ಲ, ಎಷ್ಟು ಹೊತ್ತು ತೆರೆದಿರು ಎಂದು ನಾವು ಹೇಳಿದಷ್ಟೇ ಹೊತ್ತು ಅದು ತೆರೆದಿರುತ್ತದೆ. ಆದರೆ ಕೈಯ ವಾಲ್ವಿನಲ್ಲಿ ಇಲ್ಲದ ಒಂದು ಸೌಲಭ್ಯ ಇದರಲ್ಲಿದೆ. ಯಾವ ಭಾಗಕ್ಕೆ ಎಷ್ಟು ನಿಮಿಷ ನೀರು ಹರಿಯಿತು ಎಂಬ ದಾಖಲೆ ತಾನಾಗಿ ಉಳಿಯುತ್ತದೆ. ಮರಕ್ಕೆ 18 ಲೀಟರ್ ಸಾಕು ಎಂಬುದನ್ನು ಸಂಸ್ಥೆಯ ಕೈಪಿಡಿಯಿಂದ ತೆಗೆದು ನಮ್ಮ ತೋಟದ ಮಣ್ಣಿನಲ್ಲಿ ಪರೀಕ್ಷಿಸಬೇಕಾದರೆ ಇಂಥ ದಾಖಲೆಯಿಲ್ಲದೆ ಆಗದು. ಒಂದು ಭಾಗಕ್ಕೆ ಹದಿನೈದು ದಿನ ಅರ್ಧ ಗಂಟೆ ಕಡಿಮೆ ಮಾಡಿ, ಬುಡದ ಮಣ್ಣನ್ನು ಒಂದಡಿ ಆಳಕ್ಕೆ ತೆಗೆದು ಅಂಗೈಯಲ್ಲಿ ಉಂಡೆ ಕಟ್ಟಿ ನೋಡುವುದು ಎಲ್ಲರಿಗೂ ಸಾಧ್ಯ. ಹೊಸ ತೋಟ ಹಾಕುವುದನ್ನು ತಡೆಯುವ ಶಕ್ತಿ ಯಾವ ಯಂತ್ರಕ್ಕೂ ಇಲ್ಲ, ಅದು ನೀರಿನ ನೀತಿಯ ಮಾತು, ಊರಿನವರು ಕೂತು ಆಡಬೇಕಾದ ಮಾತು.

ಕೊನೆಯದಾಗಿ, ಮಾರಿದ ಕಂಪನಿ ಬಾಗಿಲು ಹಾಕಿದರೆ ಗತಿಯೇನು ಎಂಬ ಭಯ. ಇದು ನ್ಯಾಯವಾದ ಭಯ, ಇದಕ್ಕೆ ಉತ್ತರ ಕೊಳ್ಳುವ ದಿನವೇ ಸಿಗಬೇಕು. ವಾಲ್ವ್ ಮತ್ತು ಸೊಲೆನಾಯ್ಡ್ ಬೇರೆ ಕಂಪನಿಯ ನಿಯಂತ್ರಕಕ್ಕೂ ಹೊಂದುವ ಸಾಮಾನ್ಯ ಅಳತೆಯದಾಗಿರಲಿ. ಬ್ಯಾಟರಿ ಪೇಟೆಯ ಅಂಗಡಿಯಲ್ಲಿ ಸಿಗುವ ಅಳತೆಯದಾಗಿರಲಿ, ಪೆಟ್ಟಿಗೆಯೊಳಗೆ ಬೆಸೆದುಬಿಟ್ಟದ್ದು ಬೇಡ. ವಾಲ್ವಿನ ತಲೆಯ ಮೇಲೆ ಕೈಯಿಂದ ತೆರೆಯುವ ತಿರುಪು ಇದೆಯೇ, ಅದನ್ನು ತಿರುಗಿಸಿದರೆ ಕರೆಂಟು, ಬ್ಯಾಟರಿ, ಅಲೆ ಯಾವುದೂ ಇಲ್ಲದೆ ನೀರು ಹೋಗುತ್ತದೆಯೇ ಎಂದು ಕೂರಿಸಿದವರ ಎದುರಿಗೇ ಮಾಡಿ ನೋಡಬೇಕು. ಬಿಡಿಭಾಗವಾಗಿ ಒಂದು ರಬ್ಬರ್ ಪೊರೆ, ಒಂದು ಸೊಲೆನಾಯ್ಡ್ ಮನೆಯ ಗೂಡಿನಲ್ಲಿರಲಿ. ಪೊರೆ ಬಿಚ್ಚಿ ತೊಳೆದು ಮತ್ತೆ ಕೂರಿಸುವುದನ್ನು ಮನೆಯಲ್ಲಿ ಇಬ್ಬರಾದರೂ ಅಂದೇ ಕಲಿತುಕೊಳ್ಳಲಿ. ಹಣ ಕೊಡುವುದು ಅದಾದ ಮೇಲೆ.